ಪಾಳುಬಾವಿಯ ಬಳಿ ಸಿಗುವ ಹಳೆಯ ನೀರೆತ್ತುವ ಯಂತ್ರ: ಗುರುತಿಸುವುದು ಹೇಗೆ?

ಬಯಲುಸೀಮೆಯ ಊರುಗಳ ಹೊರವಲಯದಲ್ಲಿ, ಪಾಳುಬಿದ್ದ ತೆರೆದ ಬಾವಿಗಳ ಪಕ್ಕದಲ್ಲಿ ತುಕ್ಕು ಹಿಡಿದ ಯಂತ್ರಗಳು ಇಂದಿಗೂ ಕಾಣಸಿಗುತ್ತವೆ. ಕೊಳವೆಬಾವಿ ಹಾಗೂ ಸಬ್‌ಮರ್ಸಿಬಲ್ ಪಂಪುಗಳು ಬಂದ ಮೇಲೆ ಮೂಲೆಗುಂಪಾದ ಇವು ಗುಜರಿ ವ್ಯಾಪಾರಿಗೆ ಕಿಲೋ ಲೆಕ್ಕದ ಕಬ್ಬಿಣ ಮಾತ್ರ. ತೂಕಕ್ಕೆ ಹಾಕುವ ಮುನ್ನ ಅದು ಏನೆಂದು ತಿಳಿದುಕೊಳ್ಳುವುದು ಒಳಿತು.

ದಡದಲ್ಲಿ ಎರಡು ಕಲ್ಲುಕಂಬಗಳೂ ಅವುಗಳ ಹಿಂದೆ ಇಳಿಜಾರಾದ ಹಾದಿಯೂ ಇದ್ದರೆ ಅಲ್ಲಿ ಹಿಂದೆ ಕಪಿಲೆ ಇತ್ತೆಂದು ತಿಳಿಯಬಹುದು. ಎತ್ತುಗಳು ಇಳಿಜಾರಿನಲ್ಲಿ ಇಳಿಯುವಾಗ ಅವುಗಳ ಮೈಭಾರವೇ ತೊಗಲಿನ ಚೀಲವನ್ನು ಮೇಲೆತ್ತುತ್ತಿತ್ತು.

ಎತ್ತಿನ ಜಾಗಕ್ಕೆ ಬಂದದ್ದು ಎಣ್ಣೆ ಎಂಜಿನ್. ನೆಟ್ಟಗೆ ನಿಂತ ಒಂದೇ ಸಿಲಿಂಡರ್, ಇಕ್ಕೆಲಗಳಲ್ಲಿ ಅರಗಳಿರುವ ಎರಡು ಭಾರಿ ಚಕ್ರಗಳು, ಫಲಕದ ಮೇಲೆ ನಿಮಿಷಕ್ಕೆ 650 ಸುತ್ತು ಎಂಬ ಸೂಚನೆ: ಇವಿಷ್ಟೂ ಇದ್ದರೆ ಅದು ಲಿಸ್ಟರ್ ಮಾದರಿಯದ್ದು. ‘6/1’ ಎಂದರೆ 6 ಅಶ್ವಶಕ್ತಿ, 1 ಸಿಲಿಂಡರ್. ಇಂಗ್ಲೆಂಡಿನ ಡರ್ಸ್ಲಿ ಪಟ್ಟಣದ ಲಿಸ್ಟರ್ ಕಂಪೆನಿಯು 1930ರ ಸುಮಾರಿಗೆ ಈ ವಿನ್ಯಾಸವನ್ನು ಹೊರತಂದಿತು. ಆದರೆ ಗುಜರಾತಿನ ರಾಜಕೋಟೆಯ ಕಾರ್ಖಾನೆಗಳು ಇದರ ಪ್ರತಿರೂಪಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದವು. ಆದ್ದರಿಂದ ಮನೆಯವರು ‘ವಿಲಾಯಿತಿ ಎಂಜಿನ್’ ಎಂದು ಹೆಮ್ಮೆಯಿಂದ ತೋರಿಸಿದ ಮಾತ್ರಕ್ಕೆ ನಂಬುವಂತಿಲ್ಲ. ಆಕಾರ ಒಂದೇ, ಫಲಕ ಅಥವಾ ಎರಕದಲ್ಲೇ ಮೂಡಿದ ಅಕ್ಷರಗಳು ಮಾತ್ರ ನಿರ್ಣಾಯಕ. ಹಿತ್ತಾಳೆಯ ಫಲಕವಾದರೋ ಎಲ್ಲಕ್ಕಿಂತ ಮೊದಲು ಕಾಣೆಯಾಗುವ ವಸ್ತು!

ಪಂಪನ್ನು ಗುರುತಿಸುವುದು ಸುಲಭ. ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕವಚವಿದ್ದರೆ ಅದು ಸೆಂಟ್ರಿಫ್ಯೂಗಲ್ ಪಂಪ್. ಅದರ ದಂಡಕ್ಕೆ ಚಪ್ಪಟೆ ಬೆಲ್ಟಿನ ಅಗಲವಾದ ರಾಟೆಯಿದ್ದರೆ ಸಾಮಾನ್ಯವಾಗಿ ಎಂಜಿನ್ನಿನಿಂದ ನಡೆದದ್ದು. ಮೋಟಾರಿಗೆ ನೇರವಾಗಿ ಜೋಡಿಸಿದ್ದರೆ ಜಮೀನಿಗೆ ವಿದ್ಯುತ್ ಬಂದ ಮೇಲಿನದ್ದು.

ಪಂಪು ಬಾವಿಯೊಳಗೆ ಎಷ್ಟು ಆಳದಲ್ಲಿ ಕುಳಿತಿದೆ ಎಂಬುದು ಇನ್ನೂ ಮುಖ್ಯ. ಇಂತಹ ಪಂಪು ನೀರನ್ನು ತನ್ನತ್ತ ಏರಿಸಿಕೊಳ್ಳುವುದು ವಾಯುಮಂಡಲದ ಒತ್ತಡದ ಬಲದಿಂದ. ಸಿದ್ಧಾಂತದಲ್ಲಿ ಇದರ ಮಿತಿ ಸುಮಾರು 10 ಮೀಟರ್. ಬಳಕೆಯಲ್ಲಿ 6–7 ಮೀಟರ್ ದಾಟುವುದು ಕಷ್ಟ. ಹೀಗಾಗಿ ಬಾವಿಯ ನೀರು ಇಳಿದಂತೆಲ್ಲ ರೈತರು ಗೋಡೆಯಲ್ಲಿ ಅಟ್ಟಣಿಗೆ ಮಾಡಿ ಪಂಪನ್ನೂ ಕೆಳಗಿಳಿಸಬೇಕಾಯಿತು. ಒಂದರ ಕೆಳಗೊಂದರಂತೆ ಎರಡು-ಮೂರು ಅಟ್ಟಣಿಗೆಗಳು ಕಂಡರೆ, ಆ ಊರಿನ ಅಂತರ್ಜಲ ಕುಸಿದ ಕಥೆ ಅಲ್ಲೇ ಕೆತ್ತಲ್ಪಟ್ಟಿರುತ್ತದೆ. ಯಂತ್ರವನ್ನು ಕಿತ್ತು ಬಾವಿಗೆ ಮಣ್ಣು ತುಂಬಿದ ಮೇಲೆ ಇದನ್ನು ಅಳೆಯಲಾಗದು.

ಆದ್ದರಿಂದ ಯಂತ್ರವನ್ನು ಕದಲಿಸುವ ಮುನ್ನ ಇದ್ದಲ್ಲೇ ಛಾಯಾಚಿತ್ರ ತೆಗೆದು, ದಡದಿಂದ ಪ್ರತಿ ಅಟ್ಟಣಿಗೆಗೆ ಇರುವ ಆಳವನ್ನು ಹಗ್ಗ ಇಳಿಬಿಟ್ಟು ಬರೆದುಕೊಳ್ಳಬೇಕು. ಹಳೆಯ ಬಾವಿಯ ಅಂಚು ಕುಸಿಯಬಹುದಾದ್ದರಿಂದ ಒಬ್ಬರೇ ಹೋಗಕೂಡದು. ಫಲಕವನ್ನು ಮರಳುಕಾಗದದಿಂದ ಉಜ್ಜಿದರೆ ಕ್ರಮಸಂಖ್ಯೆಯೇ ಅಳಿಸಿಹೋಗುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಸಾಕು.