ಫಾರ್ಮಸಿ ತರಬೇತಿ: ಗಂಟೆಗಳ ಲೆಕ್ಕ ಮತ್ತು ಗುಣಮಟ್ಟದ ಹೊಣೆ

ವೈದ್ಯರು ಬರೆದ ಚೀಟಿ ಮತ್ತು ರೋಗಿಯ ಕೈಸೇರುವ ಔಷಧ, ಇವೆರಡರ ನಡುವೆ ನಿಲ್ಲುವ ಕೊನೆಯ ಪರಿಣತ ವ್ಯಕ್ತಿ ಫಾರ್ಮಸಿಸ್ಟ್. ಸಂಧಿವಾತಕ್ಕೆ ವಾರಕ್ಕೊಮ್ಮೆ ಸೇವಿಸಬೇಕಾದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಪ್ರತಿದಿನ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಚೀಟಿಯಲ್ಲಿ ಅಂಥ ತಪ್ಪು ನುಸುಳಿದ್ದರೆ ಅದನ್ನು ತಡೆಯಬೇಕಾದವರು ಅವರೇ. ಈ ಎಚ್ಚರ ಕೇವಲ ತರಗತಿಯ ಪಾಠದಿಂದ ಬರುವಂಥದ್ದಲ್ಲವಾದ್ದರಿಂದ ಪ್ರಾಯೋಗಿಕ ತರಬೇತಿಯನ್ನು ನಿಯಮಗಳು ಕಡ್ಡಾಯಗೊಳಿಸಿವೆ.

ದೇಶದಲ್ಲಿ ಈ ಶಿಕ್ಷಣದ ಮೇಲ್ವಿಚಾರಣೆಗೆ ಆಧಾರವಾದುದು 1948ರ ಫಾರ್ಮಸಿ ಕಾಯ್ದೆ. ಅದರಡಿ 1949ರಲ್ಲಿ ಭಾರತೀಯ ಫಾರ್ಮಸಿ ಪರಿಷತ್ತು ರಚನೆಯಾಯಿತು. ಪರಿಷತ್ತಿನ 1991ರ ಶಿಕ್ಷಣ ನಿಯಮಾವಳಿಯ ಪ್ರಕಾರ ಡಿಪ್ಲೊಮಾ ವಿದ್ಯಾರ್ಥಿಯು ಮೂರು ತಿಂಗಳಿಗೆ ಕಡಿಮೆಯಿಲ್ಲದ ಅವಧಿಯಲ್ಲಿ 500 ಗಂಟೆಗಳ ತರಬೇತಿಯನ್ನು ಆಸ್ಪತ್ರೆಯಲ್ಲಿ ಅಥವಾ ಪರವಾನಗಿ ಪಡೆದ ಔಷಧ ಮಳಿಗೆಯಲ್ಲಿ ಪೂರೈಸಬೇಕಿತ್ತು. ಅದರಲ್ಲಿ 250 ಗಂಟೆಗಳಾದರೂ ಚೀಟಿ ನೋಡಿ ಔಷಧ ವಿತರಿಸುವ ಕೆಲಸಕ್ಕೇ ಮೀಸಲು. 2020ರ ನಿಯಮಾವಳಿಯೂ 500 ಗಂಟೆಗಳ ಅಳತೆಯನ್ನು ಉಳಿಸಿಕೊಂಡಿತು.

1991ರ ನಿಯಮಾವಳಿಯಲ್ಲಿ ಹೆಚ್ಚು ಅರ್ಥಪೂರ್ಣವಾದ ಅಂಶ ಗಂಟೆಗಳದ್ದಲ್ಲ, ಶಿಷ್ಯರ ಸಂಖ್ಯೆಯದು. ಒಬ್ಬ ನೋಂದಾಯಿತ ಫಾರ್ಮಸಿಸ್ಟ್ ಇರುವಲ್ಲಿ ಇಬ್ಬರಿಗಿಂತ ಹೆಚ್ಚು ತರಬೇತಿದಾರರನ್ನು ಸೇರಿಸಿಕೊಳ್ಳುವಂತಿರಲಿಲ್ಲ. ನಂತರದ ಪ್ರತಿಯೊಬ್ಬ ಫಾರ್ಮಸಿಸ್ಟ್‌ಗೆ ಒಬ್ಬರು ಮಾತ್ರ. ಕೈಹಿಡಿದು ಕಲಿಸುವ ಗುರು ಇಲ್ಲದೆ ಈ ವಿದ್ಯೆ ದಕ್ಕದೆಂಬ ತಿಳಿವಳಿಕೆ ಇದರ ಹಿಂದಿದೆ. ಔಷಧಗಳ ದಾಸ್ತಾನು, ದಾಖಲೆಗಳ ನಿರ್ವಹಣೆ, ಚೀಟಿ ಓದಿ ಪ್ರಮಾಣವನ್ನು ಪರಿಶೀಲಿಸುವುದು, ಇವೆಲ್ಲ ಕಲಿಕೆಯ ಭಾಗ. ಆದರೆ ಹಾಜರಿ ಪುಸ್ತಕ ಗಂಟೆಗಳನ್ನಷ್ಟೇ ಎಣಿಸಬಲ್ಲದು. ಆ ಹೊತ್ತಿನಲ್ಲಿ ವಿದ್ಯಾರ್ಥಿ ಚೀಟಿ ಪರಿಶೀಲಿಸಿದನೋ, ಬರಿದೇ ಪೆಟ್ಟಿಗೆ ಜೋಡಿಸಿದನೋ ಎಂಬುದು ಅದರಲ್ಲಿ ಕಾಣದು. ಮಾರ್ಗದರ್ಶಕರ ಸಹಿಯೊಂದೇ ಪುರಾವೆಯಾದಾಗ, ಆ ಸಹಿಯ ಹಿಂದಿನ ಶ್ರದ್ಧೆಯೇ ಗುಣಮಟ್ಟದ ಏಕೈಕ ಖಾತರಿ.

2008ರಲ್ಲಿ ಜಾರಿಗೆ ಬಂದ ಆರು ವರ್ಷಗಳ ಫಾರ್ಮ್.ಡಿ. ಕೋರ್ಸು ಈ ಕೊರತೆಯನ್ನು ತುಂಬಲು ಯತ್ನಿಸಿತು. ಅದಕ್ಕೆ ಕನಿಷ್ಠ 300 ಹಾಸಿಗೆಗಳ ಆಸ್ಪತ್ರೆ ಬೇಕು. ಐದನೇ ವರ್ಷದಲ್ಲಿ ಪ್ರತಿದಿನ ಬೆಳಗಿನ ಹೊತ್ತು ವಾರ್ಡುಗಳಲ್ಲಿ ವೈದ್ಯರೊಡನೆ ಸುತ್ತಾಟ. ಆರನೇ ವರ್ಷ ಪೂರ್ತಿ ಇಂಟರ್ನ್‌ಶಿಪ್. ಅದರಲ್ಲಿ ಆರು ತಿಂಗಳು ಸಾಮಾನ್ಯ ವೈದ್ಯಕೀಯ ವಿಭಾಗಕ್ಕೆ ಸೇರಿದರೆ, ಬೇರೆ ಮೂರು ವಿಶೇಷ ವಿಭಾಗಗಳಿಗೆ ತಲಾ ಎರಡು ತಿಂಗಳು. ಜ್ಞಾನ, ಕೌಶಲ, ಸಮಯಪಾಲನೆ, ತಂಡದಲ್ಲಿ ದುಡಿಯುವ ಗುಣ ಮೊದಲಾದವನ್ನು ಸೊನ್ನೆಯಿಂದ ಐದರವರೆಗೆ ಅಳೆಯಲಾಗುತ್ತದೆ. ಯಾವುದೇ ಒಂದರಲ್ಲಿ ಮೂರಕ್ಕಿಂತ ಕಡಿಮೆ ಬಂದರೂ ತರಬೇತಿ ಅತೃಪ್ತಿಕರವೆಂದೇ ಅರ್ಥ. ಕಾಗದದ ಮೇಲೆ ಇದು ಕಟ್ಟುನಿಟ್ಟಾದ ಅಳತೆಗೋಲೇ ಸರಿ. ಅಂಕ ನೀಡುವ ಮಾರ್ಗದರ್ಶಕರು ನಿತ್ಯ ವಾರ್ಡಿನಲ್ಲಿ ಇದ್ದರೆ ಮಾತ್ರ ಅದಕ್ಕೆ ಬೆಲೆ.

ಇಂಥ ಮಾರ್ಗದರ್ಶಕರ ಪರಂಪರೆಯನ್ನು ಬೆಳೆಸಿದವುಗಳಲ್ಲಿ ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜಿಗೆ ಮುಂಚೂಣಿಯ ಸ್ಥಾನವಿದೆ. ಅಲ್ಲಿ 1990ರ ದಶಕದಲ್ಲೇ ಕ್ಲಿನಿಕಲ್ ಫಾರ್ಮಸಿ ಬೋಧನೆ ಆಸ್ಪತ್ರೆಯ ರೋಗಿಗಳ ಹಾಸಿಗೆಯ ಪಕ್ಕಕ್ಕೆ ಬಂದಿತ್ತು. ಬೋಧಕನೇ ಸೇವೆಯನ್ನೂ ಸಲ್ಲಿಸುತ್ತ ಕಲಿಸುವ ಕ್ರಮವಿದು.

ಡಿಪ್ಲೊಮಾ ಪಡೆದವರಿಗಾಗಿ 2022ರ ನಿಯಮಾವಳಿ ನಿರ್ಗಮನ ಪರೀಕ್ಷೆಯನ್ನು ತಂದಿತು. ಬಹು ಆಯ್ಕೆಯ ಮೂರು ಪ್ರಶ್ನೆಪತ್ರಿಕೆಗಳು, ಪ್ರತಿಯೊಂದರಲ್ಲೂ ಶೇ. 50 ಅಂಕ ಗಳಿಸಬೇಕು. ಕಾಲೇಜುಗಳ ನಡುವಿನ ಅಂತರವನ್ನು ಇದು ಒಂದಿಷ್ಟು ಬಯಲಿಗೆಳೆಯಬಹುದು. ಆದರೆ ಪರೀಕ್ಷೆ ಇಂಗ್ಲಿಷಿನಲ್ಲಿ. ಕೌಂಟರಿನ ಮುಂದೆ ನಿಂತ ವೃದ್ಧೆಗೆ ‘ಈ ಮಾತ್ರೆ ವಾರಕ್ಕೆ ಒಂದೇ, ದಿನಾ ಅಲ್ಲ’ ಎಂದು ಮನದಟ್ಟು ಮಾಡಬೇಕಾದುದು ಆಕೆಯ ಭಾಷೆಯಲ್ಲಿ. ಅದನ್ನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡು ತಿದ್ದುವ ಕೆಲಸ ಇಂದಿಗೂ ಆಸ್ಪತ್ರೆಯ ಹಿರಿಯ ಫಾರ್ಮಸಿಸ್ಟ್‌ನದೇ.