ನಾಳೆಯ ಹಡಗು, ದೇವರ ಅರಿವು: ಮಂಗಳೂರು ಬಂದರಿನಿಂದ ಒಂದು ನೋಟ

ಟುನೀಸಿಯಾದ ಮಹ್ದಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 1132ರಲ್ಲಿ ಮಂಗಳೂರಿನಲ್ಲಿದ್ದ. 1149ರಲ್ಲಿ ಏಡನ್‌ಗೆ ಮರಳಿದ. ಅವನಿಗೆ ಬಂದ ಪತ್ರಗಳು ಕೈರೋದ ಗೆನಿಜಾದಲ್ಲಿ, ಅಂದರೆ ಯಹೂದಿ ಪ್ರಾರ್ಥನಾಮಂದಿರದ ಹಳೆಯ ಕಾಗದಗಳ ಕೋಣೆಯಲ್ಲಿ, ಉಳಿದುಕೊಂಡಿದ್ದವು. ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಅವುಗಳಲ್ಲೊಂದು ಬಾಬ್ ಅಲ್ ಮಂದಬ್ ಜಲಸಂಧಿಯ ಬಳಿ ಹಡಗೊಂದು ಮುಳುಗಿದ್ದನ್ನು ತಿಳಿಸುತ್ತದೆ: ಕರಿಮೆಣಸು ಪೂರ್ತಿ ನೀರುಪಾಲು, ಕಬ್ಬಿಣದಲ್ಲಿ ಸುಮಾರು ಅರ್ಧವನ್ನು ಮುಳುಗುಗಾರರು ಮೇಲೆತ್ತಿದರು.

ಆ ಹಡಗು ಮುಳುಗುವುದು ಲಂಗರು ಎತ್ತುವ ಮೊದಲೇ ದೇವರಿಗೆ ತಿಳಿದಿತ್ತೆ? ತಿಳಿದಿದ್ದರೆ ಅದು ಮುಳುಗದೆ ಉಳಿಯುವ ಸಾಧ್ಯತೆ ಇತ್ತೆ? ಇದೇ ಅರಬ್ಬಿ ಭಾಷೆಯ ತತ್ತ್ವಜ್ಞರು ಶತಮಾನಗಳ ಕಾಲ ಈ ಪ್ರಶ್ನೆಯನ್ನು ಬಿಡಿಸಲು ಹೆಣಗಿದರು.

ಅದರ ಬೇರು ಅರಿಸ್ಟಾಟಲನ ತರ್ಕಗ್ರಂಥದಲ್ಲಿದೆ. ನಾಳೆ ನೌಕಾಯುದ್ಧ ನಡೆಯುತ್ತದೆಂಬ ಮಾತು ಇಂದೇ ಸತ್ಯವೋ ಸುಳ್ಳೋ ಎಂಬುದು ಅಲ್ಲಿನ ತೊಡಕು. ಅದಕ್ಕೆ ಭಾಷ್ಯ ಬರೆದ ಅಲ್ ಫಾರಾಬಿ (ಮರಣ 950) ದೇವರ ಅರಿವನ್ನು ಚರ್ಚೆಗೆ ತಂದ. ಜೈದ್ ನಾಳೆ ಪ್ರಯಾಣ ಹೊರಡುತ್ತಾನೆಂದು ದೇವರು ಬಲ್ಲನಾದರೆ ಜೈದ್ ಹೊರಡುವುದು ಖಂಡಿತ. ಆದರೆ ಈ ಅನಿವಾರ್ಯತೆ ಅರಿವಿಗೂ ಪ್ರಯಾಣಕ್ಕೂ ನಡುವಣ ಕೊಂಡಿಯದು, ಪ್ರಯಾಣದ್ದಲ್ಲ. ಮನೆಯಲ್ಲೇ ಉಳಿಯುವ ಶಕ್ತಿ ಜೈದ್‌ನಲ್ಲಿ ಹಾಗೇ ಇದೆ. ಇಲ್ಲವಾದರೆ ತಪ್ಪಿತಸ್ಥನನ್ನು ದಂಡಿಸುವುದೇ ಅನ್ಯಾಯವಾದೀತು.

ಇಬ್ನ್ ಸೀನಾ (980–1037) ಬೇರೆ ದಾರಿ ಹಿಡಿದ. ಗ್ರಹಣದ ಕಾರಣಗಳನ್ನು ಬಲ್ಲವನು ಗ್ರಹಣವನ್ನೂ ಬಲ್ಲಂತೆ, ದೇವರು ಬಿಡಿ ಘಟನೆಗಳನ್ನು ಸಾಮಾನ್ಯ ರೂಪದಲ್ಲಿ ಅರಿಯುತ್ತಾನೆ; ಹಾಗಾಗಿ ಕಾಲ ಬದಲಾದರೂ ಅರಿವು ಬದಲಾಗದು. ಅಲ್ ಗಜಾಲಿ 1095ರ 'ತಹಾಫುತ್' ಗ್ರಂಥದಲ್ಲಿ ಇದನ್ನು ಧರ್ಮಬಾಹಿರವೆಂದು ಸಾರಿದ ಮೂರು ಮತಗಳಲ್ಲಿ ಸೇರಿಸಿದ. ಇಬ್ನ್ ರುಶ್ದ್ (1126–1198) ಉತ್ತರಿಸಿದ: ನಮ್ಮ ಅರಿವು ವಸ್ತುಗಳಿಂದ ಹುಟ್ಟುತ್ತದೆ, ವಸ್ತುಗಳು ದೇವರ ಅರಿವಿನಿಂದ, ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯಲಾಗದು. ಯಹೂದಿ ಚಿಂತಕ ಮೈಮೊನಿಡೀಸನ ನಿಲುವೂ ಇದಕ್ಕೆ ಹತ್ತಿರ. ಅವನ ತಮ್ಮ ಡೇವಿಡ್ ವ್ಯಾಪಾರಕ್ಕೆ ಹೊರಟು ಹಿಂದೂ ಮಹಾಸಾಗರದಲ್ಲೇ ಮುಳುಗಿ ಸತ್ತಿದ್ದ.

ಮತ್ತೆ ಮಂಗಳೂರಿಗೆ ಮರಳೋಣ. 1342ರ ಸುಮಾರಿಗೆ ಬಂದ ಪ್ರವಾಸಿ ಇಬ್ನ್ ಬತೂತಾ ಇಲ್ಲಿ ಸುಮಾರು 4000 ಮುಸ್ಲಿಮರನ್ನೂ, ವಿದ್ಯೆ ಕಲಿಸುತ್ತಿದ್ದ ಶಾಫಿ ಪಂಥದ ಖಾಜಿ ಬದ್ರುದ್ದೀನ್ ಮಅಬರಿಯನ್ನೂ ಕಂಡ. ಇಂದಿನ ಬ್ಯಾರಿಗಳೂ ಬಹುಪಾಲು ಶಾಫಿಗಳೇ. ಈ ಪಂಥದೊಡನೆ ಸಾಮಾನ್ಯವಾಗಿ ಬೆರೆತಿರುವ ಅಶ್‌ಅರಿ ದೇವತಾಶಾಸ್ತ್ರದಲ್ಲಿ ಕ್ರಿಯೆಯನ್ನು ಸೃಷ್ಟಿಸುವವನು ದೇವರು, ಅದನ್ನು 'ಕಸ್ಬ್' ಮೂಲಕ ತನ್ನದಾಗಿಸಿಕೊಳ್ಳುವವನು ಮನುಷ್ಯ.

ತಾತ್ತ್ವಿಕರು ಭಿನ್ನ ಹಾದಿ ಹಿಡಿದರೂ ಬಂದರಿನ ರೂಢಿ ಫಾರಾಬಿಯ ಕಡೆಗೇ ವಾಲುತ್ತದೆ. ಗೆನಿಜಾ ವ್ಯಾಪಾರಿಗಳು ದೇವರ ಹೆಸರು ಹೇಳದೆ ಪತ್ರ ಮುಗಿಸುತ್ತಿರಲಿಲ್ಲ. ಸರಕನ್ನು ಒಂದೇ ಹಡಗಿಗೆ ತುಂಬುತ್ತಲೂ ಇರಲಿಲ್ಲ. ಎಲ್ಲವೂ ಹಣೆಬರಹವೆಂದು ಕೈಕಟ್ಟಿ ಕೂತಿದ್ದರೆ ಮುಳುಗುಗಾರರಿಗೆ ಕೂಲಿ ಕೊಡುವ ಅಗತ್ಯವಿರಲಿಲ್ಲ. ಆ ಅರ್ಧ ಕಬ್ಬಿಣ ಮೇಲೆ ಬರುತ್ತಲೂ ಇರಲಿಲ್ಲ.