ಬೆಳೆ ರಕ್ಷಣೆಯ ಕೋವಿ

ಹೊಲಕ್ಕೆ ನುಗ್ಗುವ ಕಾಡುಪ್ರಾಣಿಗಳನ್ನು ಬೆದರಿಸಲು ರೈತರು ಪರವಾನಗಿ ಪಡೆದು ಇಟ್ಟುಕೊಳ್ಳುವ ಬಂದೂಕು. ಹಳೆಯ ಮಾದರಿಯದು ಬಾಯಿಂದಲೇ ಮದ್ದು ತುಂಬುವ ಒಂಟಿ ನಳಿಗೆಯ ನಾಡಕೋವಿ.

ಕಾರ್ಖಾನೆಯ ತೋಟಾ ಅಳತೆಗೆ ತಕ್ಕಂತೆ ಸಿದ್ಧವಾಗಿ ಬರುತ್ತದೆ. ನಾಡಕೋವಿಯಲ್ಲಿ ಎಲ್ಲವೂ ಕೈಯಳತೆ. ಹಾಗಾಗಿ ಒಂದು ಈಡು ಇನ್ನೊಂದರಂತೆ ಇರುವುದಿಲ್ಲ. ಎರಕದಲ್ಲಿ ಗಾಳಿ ಸೇರಿದ ಸೀಸದ ಗುಂಡು ಒಳಗೆ ಟೊಳ್ಳಾಗಿ ತೂಕ ತಪ್ಪುತ್ತದೆ, ಗುರಿ ಬಿಟ್ಟು ಪಕ್ಕಕ್ಕೆ ಎಳೆಯುತ್ತದೆ. ಗುಂಡು ನಳಿಗೆಗಿಂತ ಸಣ್ಣದಾದರೆ ಅನಿಲ ಸುತ್ತಲಿಂದ ಸೋರಿ ವೇಗ ಕುಗ್ಗುತ್ತದೆ. ಪ್ರತಿ ಈಡಿನ ನಂತರ ಒಳಗೋಡೆಗೆ ಅಂಟುವ ಕಪ್ಪು ಕಿಟ್ಟ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಈ ಕಾಟ ಇನ್ನೂ ಹೆಚ್ಚು.

ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಅಮೆರಿಕದಲ್ಲಿ ಹವ್ಯಾಸವಾಗಿರುವ, ಮನೆಯಲ್ಲೇ ರೈಫಲ್ ತೋಟಾ ತುಂಬುವ ರೂಢಿ ಇಲ್ಲಿ ಬೆಳೆಯದಿರಲು ಇದೂ ಒಂದು ಕಾರಣ. ಚುನಾವಣೆ ಬಂತೆಂದರೆ ಹಳ್ಳಿಯ ಕೋವಿಗಳನ್ನೂ ಸಾಮಾನ್ಯವಾಗಿ ಪೊಲೀಸ್ ಠಾಣೆಗೆ ಒಪ್ಪಿಸಬೇಕಾಗುತ್ತದೆ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯಲ್ಲಿ ಬೆಳೆ ರಕ್ಷಣೆಯ ಪ್ರಶ್ನೆಯೇ ಬೇರೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾಯಿತು. ವಿಸ್ತಾರ 119 ಚದರ ಕಿಲೋಮೀಟರ್. ಅಲ್ಲಿಂದ ಬೆಳೆಗೆ ಇಳಿಯುವ ಚಿಗರಿ, ಅಂದರೆ ಕೃಷ್ಣಮೃಗ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ಬೆಳೆ ರಕ್ಷಣೆಯ ಪರವಾನಗಿ ಕೈಯಲ್ಲಿದ್ದರೂ ಅದರ ಮೇಲೆ ಗುಂಡು ಹಾರಿಸುವಂತಿಲ್ಲ. ಗೋವಿನಜೋಳದ ಎಳೆ ಪೈರನ್ನು ರಾತ್ರೋರಾತ್ರಿ ಕಳೆದುಕೊಂಡ ರೈತನ ನಷ್ಟವೂ ಸಣ್ಣದಲ್ಲ. ಅರಣ್ಯ ಇಲಾಖೆಯ ಪರಿಹಾರ ಅವನಿಗೆ ತಡವಿಲ್ಲದೆ ಸಿಗಲೇಬೇಕು.